ಗೇಟಿನ ಬಳಿ ನಿಂತ ಚುಕ್ಕಿಗಳು

ಕಳೆದ ಭಾನುವಾರ ಸಂಜೆ ಆರ್.ಟಿ. ನಗರದ ನನ್ನ ಸೋದರತ್ತೆಯ ಮನೆಯಿಂದ ಹೊರಟು, ಗೇಟಿನ ಬಳಿ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದೆ. ಯಲಹಂಕದ ನಮ್ಮ ಮನೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ಹೊರಟೆ ಕಣ್ರೀ" ಎನ್ನುತ್ತಿದ್ದಾಗ, ಪರದೆಯ ಮೂಲೆಯಲ್ಲಿದ್ದ ವೈ-ಫೈ ಗುರುತು ಮೆಲ್ಲಗೆ ಮಾಯವಾಗಿ ಆ ಜಾಗಕ್ಕೆ ಮೊಬೈಲ್ ಟವರಿನ ಕಡ್ಡಿಗಳು ಬಂದು ಕೂತವು. ಮಾತು ಒಂದಿಷ್ಟೂ ಕಡಿಯಲಿಲ್ಲ. ಇದರಲ್ಲೇನು ವಿಶೇಷ ಎಂದು ನಿಮಗೆ ಅನ್ನಿಸಬಹುದು. ನನಗೆ ಮಾತ್ರ ಹಳೆಯ ಗೆಳತಿ ಎದುರಿಗೆ ಸಿಕ್ಕಷ್ಟು ಖುಷಿಯಾಗಿ ಒಬ್ಬಳೇ ನಕ್ಕುಬಿಟ್ಟೆ.

"ಏನೇ ಅದು, ಒಬ್ಬೊಬ್ಳೇ ನಗ್ತೀಯಾ?" ಎಂದರು ಅತ್ತೆ, ಗೇಟಿನ ಮೇಲೆ ಮೊಣಕೈ ಊರಿಕೊಂಡು.

ಆ ನಗುವಿಗೆ ಸಾಕಷ್ಟು ವಯಸ್ಸಾಗಿದೆ. ಎಂ.ಟೆಕ್. ಓದುವಾಗ ನಾನು ಇದೇ ಮನೆಯಲ್ಲಿದ್ದೆ. ದಿನಾ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸಿನಲ್ಲಿ ಬೆವರುತ್ತಾ ಯಲಹಂಕದ ಕಾಲೇಜಿಗೆ ಹೋಗಿಬರುವುದು, ಬಂದವಳೇ ಕಂಪ್ಯೂಟರ್ ಮುಂದೆ ಕೂರುವುದು. ಮಾತನಾಡುತ್ತಲೇ ಮನೆಯಿಂದ ಹೊರಬಿದ್ದವರ ಕರೆ, ಮನೆಯ ವೈ-ಫೈ ಬಿಟ್ಟು ಬೀದಿಯ ಟವರಿಗೆ ದಾಟಿಕೊಳ್ಳುವಾಗ ಅದರ ಗುಣಮಟ್ಟ ಹೇಗಿರುತ್ತದೆ ಎಂಬುದು ನನ್ನ ಪ್ರಾಜೆಕ್ಟು. ನಿಜವಾದ ಟವರನ್ನು ಯಾರೂ ನನ್ನ ಕೈಗೆ ಕೊಡುವುದಿಲ್ಲವಲ್ಲ, ಹಾಗಾಗಿ ಎಲ್ಲವೂ ಕಂಪ್ಯೂಟರಿನೊಳಗೆ. ಪರದೆಯ ಮೇಲೊಂದು ಬಡಾವಣೆ, ಮನೆಮನೆಗೂ ಪುಟ್ಟ ವೃತ್ತದ ವೈ-ಫೈ, ಎಲ್ಲವನ್ನೂ ಒಳಗೊಂಡ ಟವರಿನ ದೊಡ್ಡ ವೃತ್ತ. ಜನರೆಂದರೆ ಚುಕ್ಕಿಗಳು. ಅವು ಮಾತನಾಡುತ್ತಾ ಓಡಾಡುತ್ತಿದ್ದವು. ಅತ್ತೆ ಮಾತ್ರ ಅಕ್ಕಪಕ್ಕದವರಿಗೆಲ್ಲ "ನಮ್ಮ ಹುಡುಗಿ ಫೋನ್ ರಿಪೇರಿ ಕಲೀತಿದ್ದಾಳೆ" ಎಂದು ಹೇಳಿಟ್ಟಿದ್ದರು. ಒಂದಿಬ್ಬರು ಕೆಟ್ಟ ಚಾರ್ಜರ್ ಹಿಡಿದುಕೊಂಡು ಬಂದದ್ದೂ ಉಂಟು.

ನನ್ನ ನಿಯಮ ಸರಳವಾಗಿತ್ತು. ವೈ-ಫೈ ಸೊರಗಿದ ಕೂಡಲೇ ಟವರಿಗೆ ಹಾರು, ಚೇತರಿಸಿಕೊಂಡ ಕೂಡಲೇ ವಾಪಸ್ಸು ಹಾರು. ನನ್ನ ಚುಕ್ಕಿಗಳೂ ಅಷ್ಟೇ ಒಳ್ಳೆಯವು. ಹೊರಟರೆ ಹೊರಟವು, ದಾರದ ಹಾಗೆ ನೇರ ನಡೆದು ಬೀದಿ ಸೇರುತ್ತಿದ್ದವು. ಕರೆ ಕಡಿಯುವುದೆಂದರೇನೆಂದೇ ಅವಕ್ಕೆ ಗೊತ್ತಿರಲಿಲ್ಲ. ಗ್ರಾಫನ್ನು ನೋಡಿ ನಾನೇ ದೃಷ್ಟಿ ತೆಗೆಯಬೇಕು, ಅಷ್ಟು ಚೆಂದ ಬಂದಿತ್ತು. ನನ್ನ ಗೈಡ್ ಧಾರವಾಡದ ಕಡೆಯವರು, ಪಾಟೀಲ ಮೇಡಂ. "ಛಲೋ ಆಗೇತಿ. ಸೋಮವಾರ ಬಾ, ಸಹಿ ಹಾಕ್ತೀನಿ" ಎಂದರು. ಆ ಸಹಿ ಬಿದ್ದರೆ ವೈವಾ, ಬೀಳದಿದ್ದರೆ ಇನ್ನೊಂದು ಸೆಮಿಸ್ಟರ್ ಅದೇ ಫ್ಲೈಓವರ್, ಅದೇ ಬೆವರು. ನಾನು ಬಸ್ಸಿನಲ್ಲಿ ನಿಂತುಕೊಂಡೇ ಕುಣಿದಿದ್ದೆ.

ನಡುವೆ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ ಬಂತು. ಅತ್ತೆ ಮೇಡಮ್ಮನ್ನು ಕುಂಕುಮಕ್ಕೆ ಕರೆಸಿದರು. ಒಳಗೆ ಕೂತಷ್ಟು ಹೊತ್ತೂ ಇಬ್ಬರೂ "ಕಾಫಿ ತಗೊಳ್ಳಿ", "ಅಯ್ಯ, ಸಾಕ್ರೀ" ಎಂಬ ಮರ್ಯಾದೆಯ ಮಾತಿನಲ್ಲೇ ಕಳೆದರು. ಮೇಡಂ ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಗೇಟಿಗೆ ಬಂದ ಮೇಲೆ ನೋಡಿ ಇಬ್ಬರಿಗೂ ನಾಲಿಗೆ ಸಡಿಲವಾಯಿತು. ಸೀರೆಯ ಮಾತು ಹೋಗಿ ಶುಗರಿನ ಮಾತು, ಅದು ಹೋಗಿ ನಾದಿನಿಯರ ಮಾತು. ನಮ್ಮ ಮನೆಗಳಲ್ಲಿ ಇದೇ ಕ್ರಮ ತಾನೇ? ಸೋಫಾ ಇರುವುದು ಕೂರುವುದಕ್ಕೆ. ಮಾತನಾಡುವುದಕ್ಕೆ ಗೇಟಿದೆ.

ಆಗ ಮೇಡಂ ಅವರ ಯಜಮಾನರ ಫೋನು ಬಂತು. ಮೇಡಂ ಮೊಬೈಲು ಸಂಜೆಯಿಂದಲೂ ನಮ್ಮ ವೈ-ಫೈಗೆ ಸೇರಿಕೊಂಡಿತ್ತು, ಕರೆಯೂ ಅದರಲ್ಲೇ ಬರುತ್ತಿತ್ತು. "ಹೊಂಟೀನ್ರೀ" ಎನ್ನುತ್ತಾ ಮೇಡಂ ಬೀದಿಯತ್ತ ಒಂದು ಹೆಜ್ಜೆ ಹೋದರು, ಕರೆ ಕಟ್. ಅತ್ತೆ ಏನೋ ನೆನಪಿಸಿಕೊಂಡು ಕರೆದರೆಂದು ಒಂದು ಹೆಜ್ಜೆ ಒಳಬಂದರು, ಫೋನು ಮತ್ತೆ ಬಂತು. "ಹೊಂಟೀನಿ ಅಂದ್ನೆಲ್ರೀ!" ಮತ್ತೆ ಹೊರಗೆ, ಮತ್ತೆ ಕಟ್. ಪಾಪ, ಆ ಯಜಮಾನರಿಗೆ ಹೆಂಡತಿ ಹೊರಡುತ್ತಿರುವ ಸುದ್ದಿ ಮಾತ್ರ ಪುನಃ ಪುನಃ ತಲುಪಿತು. ಅತ್ತೆಯೂ ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಇದ್ದಕ್ಕಿದ್ದಂತೆ ಮೇಡಂ ಅಲ್ಲೇ ನಿಂತರು. ಫೋನು ನೋಡಿದರು, ಗೇಟು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಏನವಾ, ನಿನ್ನ ಚುಕ್ಕಿಗೋಳು ಗೇಟಿನ್ಯಾಗ ನಿಂದರ್ತಾವೇನು?"

ನನ್ನ ನಗು ಅಲ್ಲೇ ಇಂಗಿಹೋಯಿತು. "ಇಲ್ಲ ಮೇಡಂ. ಅವು ಹೋಗ್ಬಿಡ್ತವೆ."

"ಹಂಗ ಹೋಗೂ ಮಂದಿ ಯಾವ ಊರಾಗ ಅದಾರ? ಸೋಮವಾರ ಸಹಿ ಇಲ್ಲ. ಮೊದಲು ಅವಕ್ಕ ನಿಂದ್ರೂದು ಕಲಿಸು."

ಅತ್ತೆಗೆ ಕೆಂಡದಂಥ ಕೋಪ. ಕುಂಕುಮಕ್ಕೆ ಕರೆದು ಸಹಿ ಕಳೆದುಕೊಂಡ ಹಾಗಾಯಿತಲ್ಲ ಎಂದು ರಾತ್ರಿಯ ಸಾರಿಗೆ ಉಪ್ಪನ್ನೇ ಹಾಕಲಿಲ್ಲ. ನಾನೂ ಮೂಗೊರೆಸಿಕೊಂಡು ಮಲಗಿದೆ. ಆದರೆ ಮಾರನೆಯ ಸಂಜೆ ಕಾಂಪೌಂಡಿನ ಪಕ್ಕ ಕುರ್ಚಿ ಹಾಕಿಕೊಂಡು ಬೀದಿಯನ್ನು ನೋಡತೊಡಗಿದೆ ನೋಡಿ, ಹೊತ್ತು ಹೋದದ್ದೇ ತಿಳಿಯಲಿಲ್ಲ! ಎದುರು ಮನೆಯವರು ನೆಂಟರಿಗೆ "ಬನ್ನಿ" ಎಂದು ಟಾಟಾ ಮಾಡಿ, ಮತ್ತೆ ಅವರ ಕಾರಿನ ಕಿಟಕಿಗೇ ಜೋತುಬಿದ್ದರು. ಮೂಲೆ ಮನೆಯ ಅಜ್ಜಿ ಬೀಗರನ್ನು ಕಳಿಸಿ, ಡಬ್ಬಿ ಮರೆತರೆಂದು ಕೂಗಿ, ಡಬ್ಬಿಯ ನೆಪದಲ್ಲಿ ಇನ್ನೊಂದು ಅಧ್ಯಾಯ ತೆರೆದರು. ಒಂದು ಸಂಬಂಧವೇ ಕುದುರಿತೆಂದು ಕಾಣುತ್ತದೆ, ಗೇಟಿನ ಬೋಲ್ಟು ಹಿಡಿದುಕೊಂಡೇ.

ಚುಕ್ಕಿಗಳಿಗೆ ಇದನ್ನೆಲ್ಲ ಕಲಿಸಿದೆ. ವೃತ್ತದ ಅಂಚಿನಲ್ಲಿ ನಿಲ್ಲು, ಒಂದು ಹೆಜ್ಜೆ ಹೊರಗೆ, ಎರಡು ಹೆಜ್ಜೆ ಒಳಗೆ, ಮರೆತದ್ದು ನೆನಪಾದರೆ ತಿರುಗಿ ಬಾ. ನನ್ನ ಚೆಂದದ ಗ್ರಾಫು ನೆಲಕಚ್ಚಿತು. ಫೋನುಗಳು ಅತ್ತ ಹಾರಿ ಇತ್ತ ಹಾರಿ ಸುಸ್ತಾದವು, ಮಾತೆಲ್ಲ ಚಿಂದಿಯಾಯಿತು. ಆಮೇಲೆ ನಿಯಮಕ್ಕೆ ಸ್ವಲ್ಪ ತಾಳ್ಮೆ ಬೆರೆಸಿದೆ. ವೈ-ಫೈ ಸೊರಗಿದರೂ ಒಂದು ಗಳಿಗೆ ಕಾದು ನೋಡು. ಒಮ್ಮೆ ಬಿಟ್ಟ ಮೇಲೆ, ಅದು ಚೆನ್ನಾಗಿ ಬಲವಾಗುವ ತನಕ ವಾಪಸ್ಸು ಹೋಗಬೇಡ. ಗ್ರಾಫು ಮೆಲ್ಲಗೆ ಎದ್ದು ಕೂತಿತು. ಮೊದಲಿನ ಬೆಡಗಿಲ್ಲ, ಆದರೆ ನಮ್ಮ ಬೀದಿಯದ್ದೇ ಮುಖ. ಮೇಡಂ ನೋಡಿ ಪೆನ್ನು ತೆಗೆದರು. ಸೆಮಿಸ್ಟರ್ ಮುಗಿಯುವುದರೊಳಗೇ ಸಹಿ ಬಿತ್ತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪರದೆಯ ಮೇಲೆ ಬೆರಳಿಟ್ಟು ಕೇಳಿದರು: "ಇವೆಲ್ಲಾ ಯಾಕ್ರೀ ಇಲ್ಲೇ ಗುಂಪು ಕಟ್ಕೊಂಡು ನಿಂತಿವೆ?"

"ಸರ್, ಅದು ಗೇಟು."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಮ್ಮನೇಲೂ ಇದೇ ಕಣ್ರೀ. ನಮ್ಮನೆಯವಳಿಗೆ ತೋರಿಸ್ಬೇಕು ಇದನ್ನ." ನಾನು ಪಾಸಾದೆ. ಅತ್ತೆ ಮೇಡಮ್ಮನ್ನು ಕ್ಷಮಿಸಿ ಹೋಳಿಗೆ ಕಳಿಸಿದರು.

ಇಷ್ಟನ್ನೂ ಅತ್ತೆಗೆ ನೆನಪಿಸಿ, ಇಬ್ಬರೂ ನಕ್ಕು, "ಸರಿ, ಬರ್ತೀನಿ ಅತ್ತೆ" ಎಂದು ನಾನು ಹ್ಯಾಂಡಲ್ ತಿರುಗಿಸಿದೆ. ಫೋನಿನಲ್ಲಿ ಗಂಡ ಇನ್ನೂ ಇದ್ದರು.

"ಅಂದ್ಹಾಗೆ," ಎಂದರು ಅತ್ತೆ, ಗೇಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ, "ಬುಧವಾರ ಕಣ್ಣಿನ ಪೊರೆ ತೆಗೆಸ್ತಿದ್ದೀನಿ. ಜೊತೆಗೆ ಯಾರಾದ್ರೂ ಬೇಕಂತೆ. ನಿನಗೆ ಕಾಲೇಜಲ್ಲಿ ಪಾಠ ಮಾಡೋದಿದ್ರೆ ಬೇಡ ಬಿಡು."

ಮಧ್ಯಾಹ್ನದಿಂದ ಒಳಗೆ ಕೂತಿದ್ದೆವು. ಊಟ ಮಾಡಿದೆವು, ಎರಡು ಸಲ ಕಾಫಿ ಕುಡಿದೆವು. ಆಗೆಲ್ಲ ಈ ಮಾತು ಬರಲೇ ಇಲ್ಲ. ಹೊರಟರೆ ಹೊರಟಳು ಎಂಬ ನನ್ನ ಹಳೆಯ ಚುಕ್ಕಿಯಾಗಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಹೆಬ್ಬಾಳ ದಾಟಿರುತ್ತಿದ್ದೆ. ಎದೆಯೊಳಗೆ ಪ್ರೀತಿ ಉಕ್ಕಿ ಬಂತು. ಸ್ಕೂಟರ್ ಆಫ್ ಮಾಡಿದೆ.

"ರೀ, ನಾನಿನ್ನೂ ಗೇಟ್ ಹತ್ರಾನೇ ಇದ್ದೀನಿ" ಎಂದೆ ಫೋನಿಗೆ.

"ಗೊತ್ತಾಯ್ತು," ಎಂದರು ಗಂಡ, "ಅನ್ನಕ್ಕೆ ನಾನೇ ಇಡ್ತೀನಿ. ನಿಧಾನಕ್ಕೆ ಬಾ."

ನನ್ನದೇ ನಿಯಮದ ಪ್ರಕಾರ, ಒಮ್ಮೆ ಬಿಟ್ಟು ಹೊರಟವರು ಅಷ್ಟು ಸುಲಭಕ್ಕೆ ತಿರುಗಿ ಹೋಗುವಂತಿಲ್ಲ. ಅತ್ತೆ ಗೇಟು ತೆಗೆದರು. ನಾನು ಒಳಗೆ ಕಾಲಿಟ್ಟೆ. ಕೈಯಲ್ಲಿದ್ದ ಫೋನು, ಯಾರೂ ಹೇಳದೆಯೇ, ಅವರ ಮನೆಯ ವೈ-ಫೈ ಹಿಡಿದುಕೊಂಡಿತು.