ಹೆರಿಗೆ ವಾರ್ಡಿನ ಸಿಸ್ಟರ್ ಕಡಲಿಗೆ ಬಂದಾಗ

ಕುವೈತಿನ ಅಬು ಹಲೀಫಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಸಿಸ್ಟರ್ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಅಳದೆ ಹುಟ್ಟಿದ ಕೂಸಿಗೆ ಹೇಳುವ ಮಾತನ್ನೇ, ಮೆಟ್ಟಿಲು ಹತ್ತಿ ಏದುಸಿರು ಬಿಡುವ ನಮಗೂ ಎರಡು ಬೆರಳಲ್ಲಿ ಬೆನ್ನು ತಟ್ಟಿ ಹೇಳುತ್ತಿದ್ದರು: "ಉಸಿರು ತಕೋ ಮಗಾ, ಉಸಿರು ತಕೋ."

ಒಂದು ಶುಕ್ರವಾರ ಸಿಸ್ಟರನ್ನೂ ಕರೆದುಕೊಂಡು ಡಾಲ್ಫಿನ್ ನೋಡಲು ದೋಣಿ ಹತ್ತಿದೆವು. ಎದುರಿಗೆ ಎದ್ದದ್ದು ದೋಣಿಯಷ್ಟೇ ಉದ್ದದ ಓರ್ಕಾ ತಿಮಿಂಗಿಲ, ಪಕ್ಕಕ್ಕೆ ಅಂಟಿಕೊಂಡಂತೆ ಅದರ ಮರಿ. ಎರಡೂ ಮುಳುಗಿದವು. ತಾಯಿ ಮಾತ್ರ ಮೇಲೆದ್ದು ಬುಸ್ಸೆಂದಿತು. ನಾವೆಲ್ಲ ಮೊಬೈಲ್ ಹಿಡಿದು ಕೂಗಿದೆವು. ಸಿಸ್ಟರ್ ಮಾತ್ರ ಮರಿ ಮುಳುಗಿದ ನೀರನ್ನೇ ನೋಡುತ್ತಿದ್ದರು. ಅವರ ಎರಡು ಬೆರಳು ದೋಣಿಯ ಕಂಬಿಯನ್ನು ತಟ್ಟುತ್ತಿದ್ದವು. "ಉಸಿರು ತಕೋ ಮಗಾ..."

ಮರಿ ಎದ್ದಿತು. ಅದರ ಉಸಿರಿನ ತುಂತುರು ನಮ್ಮ ಮುಖಕ್ಕೆ ಸಿಡಿಯಿತು.

ಸಿಸ್ಟರ್ ಬಾಯಿ ತೆರೆದು ನಿಂತೇ ಇದ್ದರು. ನಾನು ಅವರ ಬೆನ್ನು ತಟ್ಟಿದೆ.

"ಉಸಿರು ತಕೊಳ್ಳಿ ಸಿಸ್ಟರ್."