ಹಂಬರ್ ಸೈಕಲ್ಲಿನ ಮಲ್ಲಿಕಾರ್ಜುನಯ್ಯ

ಅಜ್ಜಂಪುರದ ಪೇಟೆ ಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನಯ್ಯನವರು ಚಿಕ್ಕಮಗಳೂರಿಗೆ ಹೋದದ್ದು ಬೀರು ತರುವುದಕ್ಕೆ. ಕಾಫಿ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ಸೀಮೆಗೆ ಹೊರಟಿದ್ದಾನೆ, ಬಂಗಲೆಯ ಸಾಮಾನೆಲ್ಲ ಹರಾಜಿಗಿಟ್ಟಿದ್ದಾನೆ, ಗಾಜಿನ ಬಾಗಿಲಿನ ತೇಗದ ಬೀರುಗಳಿವೆಯಂತೆ ಎಂದು ಯಾರೋ ಹೇಳಿದ್ದರು. ಅದು ಸಾವಿರದ ಒಂಬೈನೂರ ಐವತ್ತಮೂರನೇ ಇಸವಿ. ಬೀರುಗಳು ಇದ್ದದ್ದು ನಿಜ. ಆದರೆ ಅವುಗಳ ಪಕ್ಕದಲ್ಲಿ, ಗೋಡೆಗೆ ಒರಗಿಕೊಂಡು, ಒಂದು ಕಪ್ಪು ಹಂಬರ್ ಸೈಕಲ್ ನಿಂತಿತ್ತು.

ಎಲ್ಲ ಸೈಕಲ್ಲುಗಳಿಗೂ ಮುಂದಿನ ಚಕ್ರವನ್ನು ಹಿಡಿದುಕೊಳ್ಳಲು ಆ ಕಡೆಗೊಂದು ಈ ಕಡೆಗೊಂದು ಕೊಳವೆಯಿದ್ದರೆ, ಇದಕ್ಕೆ ಎರಡೆರಡು. ಚೈನಿಗೆ ಪೂರಾ ಕವಚ, ಸೀಟಿಗೆ ಮಾಗಿದ ಚರ್ಮ, ಸೀಟಿನ ಹಿಂದೆ ಬಕಲ್ ಹಾಕಿದ ಪುಟ್ಟ ಚೀಲ, ಚಕ್ರದ ನಡುವೆ ಮೂರು ಗೇರಿನ ಹಬ್ಬು. ಮಲ್ಲಿಕಾರ್ಜುನಯ್ಯನವರು ಉಗುರಿನಿಂದ ಫ್ರೇಮನ್ನು ಮೀಟಿದರು. ದೇವಸ್ಥಾನದ ಗಂಟೆಯ ಹಾಗೆ ಟಣ್ ಎಂದಿತು. ಬೀರು ಯಾರದೋ ಪಾಲಾಯಿತು.

ಬಸ್ಸಿನ ತಲೆಯ ಮೇಲೆ ಸೈಕಲ್ ಹಾಕುವಾಗ ಕಂಡಕ್ಟರನಿಗೂ ಅವರಿಗೂ ಜಟಾಪಟಿಯೇ ಆಯಿತು. ಅಡ್ಡ ಮಲಗಿಸಿದರೆ ಪೆಡಲು ಬಾಗುತ್ತದೆ, ಹ್ಯಾಂಡಲ್ ಕೆಳಗೆ ಮಾಡಿದರೆ ಬೆಲ್ಲು ಜಜ್ಜುತ್ತದೆ. ಕೊನೆಗೆ ಹೆಗಲ ಮೇಲಿನ ಕಂಬಳಿಯನ್ನು ಫ್ರೇಮಿಗೆ ಸುತ್ತಿ, ಬಾಳೆಗೊನೆಗಳ ನಡುವೆ ಅದನ್ನು ಕೂರಿಸಿ, ತಾವೂ ಮೇಲೇ ಕೂತು ಹ್ಯಾಂಡಲ್ ಹಿಡಿದುಕೊಂಡರು. ಬೀರೂರಿನಲ್ಲಿ ಬಸ್ಸು ಬದಲಿಸಿದಾಗಲೂ ಅದೇ ಕಥೆ. ಸಂಜೆ ಅಜ್ಜಂಪುರದಲ್ಲಿ ಇಳಿದಾಗ ಸೈಕಲ್ ಹೊಳೆಯುತ್ತಿತ್ತು. ಸಾಹುಕಾರರ ಮೈತುಂಬ ಧೂಳು.

ಮನೆ ಮುಂದೆ ಪೇಟೆಯ ಜನ ಸುತ್ತುವರಿದರು. "ಸಾವ್ಕಾರ್ರೆ, ಹತ್ತಿ ಒಂದು ರೌಂಡ್ ಬನ್ನಿ, ನೋಡಾಣ!" ಎಂದು ಯಾರೋ ಕೂಗಿದರು.

ಮಲ್ಲಿಕಾರ್ಜುನಯ್ಯನವರು ಗಂಟಲು ಸರಿಮಾಡಿಕೊಂಡರು. "ಮಲೆನಾಡಿನ ತಂಪಲ್ಲಿ ಬೆಳ್ದಿರೋ ಗಾಡಿ ಕಣ್ರಪ್ಪಾ. ಬಯಲುಸೀಮೆ ಬಿಸಿಲಿಗೆ ಉಕ್ಕು ಹೊಂದ್ಕೋಬೇಕು. ಒಂದೆರಡು ವಾರ ಹತ್ತೋ ಹಂಗಿಲ್ಲ."

ಜನ ತಲೆದೂಗಿದರು. ನಿಜಸಂಗತಿ ಬಲ್ಲವಳು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕಲ್ಲಮ್ಮ ಒಬ್ಬಳೇ. ಅವರಿಗೆ ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಹುಡುಗಾಟದ ವಯಸ್ಸಿನಲ್ಲಿ ಒಮ್ಮೆ ನೆಂಟರ ಊರಿನಲ್ಲಿ ಬಾಡಿಗೆ ಸೈಕಲ್ ಹತ್ತಿ, ಕುಂಬಾರರು ಒಣಗಲು ಇಟ್ಟಿದ್ದ ಮಡಕೆಗಳ ಸಾಲಿನ ಮೇಲೆ ಒಂದನ್ನೂ ಬಿಡದೆ ಹೋಗಿದ್ದರು. ಅಂದಿನಿಂದ ಪೆಡಲು ಮುಟ್ಟಿರಲಿಲ್ಲ. ಆದರೆ ಸೈಕಲ್ಲಿನ ಮೇಲಿನ ಆಸೆ ಹೋಗಿರಲಿಲ್ಲ.

ವಾರಗಳು ಕಳೆದವು. ಉಕ್ಕು ಹೊಂದಿಕೊಂಡಿತೇ ಎಂದು ಜನ ಕೇಳಿದರೆ ಹೊಸ ಕಾರಣ ಸಿದ್ಧವಾಗಿತ್ತು. ಈ ಅಳತೆಯ ಟೈರು ನಮ್ಮ ಕಡೆ ಸಿಗುವುದಿಲ್ಲ, ಸವೆದರೆ ಸೀಮೆಯಿಂದಲೇ ಬರಬೇಕು. ಹೀಗಾಗಿ ಅವರು ಸೈಕಲ್ಲನ್ನು ತಳ್ಳಿಕೊಂಡೇ ತಿರುಗಿದರು. ಸ್ಟೇಷನ್ನಿಗೆ ಜವಳಿ ಗಂಟು ತರಲು ಹೋದರೂ ಸೈಕಲ್, ಮಠಕ್ಕೆ ಹೋದರೂ ಸೈಕಲ್, ಎದುರುಮನೆಯ ಮದುವೆಗೆ ಹೋದರೂ ಸೈಕಲ್.

"ಎಮ್ಮೆ ಮೇಯ್ಸಾಕೆ ಹೊಡ್ಕೊಂಡು ಹೋದಂಗೆ ಕಾಣ್ತೀರಿ," ಎಂದು ಕಲ್ಲಮ್ಮ ನಗುತ್ತಿದ್ದಳು.

"ಎಮ್ಮೆಗೆ ಮೂರು ಗೇರು ಇರುತ್ತೇನೇ?" ಎಂದು ಅವರು ರೇಗುತ್ತಿದ್ದರು.

ಸಂಜೆಯಾದರೆ ಅಂಗಡಿಯ ಜಗಲಿಯ ಮೇಲೆ ಸಭೆ ಸೇರುತ್ತಿತ್ತು. ಒಬ್ಬರು ಮಿಡ್ಲ್‌ಸ್ಕೂಲಿನ ನಂಜುಂಡಪ್ಪ ಮೇಷ್ಟ್ರು. ಇನ್ನೊಬ್ಬ ಈರುಳ್ಳಿ ಬೆಳೆಯುವ ಕರಿಸಿದ್ದಪ್ಪ. ಮೇಷ್ಟ್ರಿಗೆ ಸೈಕಲ್ಲೆಂದರೆ ಅಲಂಕಾರ. ಅವರ ಹರ್ಕ್ಯುಲಿಸ್ಸಿಗೆ ಮಖಮಲ್ಲಿನ ಸೀಟು ಕವರ್, ಹ್ಯಾಂಡಲಿಗೆ ಕನ್ನಡಿ, ಹಬ್ಬಿಗೆ ಬಣ್ಣದ ಕುಚ್ಚು, ಡೈನಮೊ ದೀಪ ಎಲ್ಲ ಇದ್ದವು. ಕರಿಸಿದ್ದಪ್ಪನ ಹಳೇ ಬಿ.ಎಸ್.ಎ.ಗೆ ಬೆಲ್ಲೂ ಇರಲಿಲ್ಲ. ಮಡ್‌ಗಾರ್ಡನ್ನು ಭಾರವೆಂದು ಕಿತ್ತೆಸೆದಿದ್ದ. ಇದ್ದದ್ದು ಕಮ್ಮಾರನ ಕೈಲಿ ಮಾಡಿಸಿದ, ಈರುಳ್ಳಿ ಮೂಟೆ ಹೊರುವ ಕಬ್ಬಿಣದ ಕ್ಯಾರಿಯರ್ ಒಂದೇ.

"ಮೇಷ್ಟ್ರೇ, ನಿಮ್ದು ಸೈಕಲ್ಲಾ, ಮದ್ಲಿಂಗನ ಕುದ್ರೇನಾ?" ಎಂದು ಅವನು ಕೆಣಕುವುದು.

"ನಿನ್ನದು ಸೈಕಲ್ಲೂ ಅಲ್ಲ ಕಣಯ್ಯ, ಚಕ್ರ ಇರೋ ಏಣಿ," ಎಂದು ಅವರು ತಿರುಗಿಸುವುದು.

ತೀರ್ಪು ಹೇಳುವವರು ಮಲ್ಲಿಕಾರ್ಜುನಯ್ಯನವರು. ಇಂಗ್ಲೆಂಡಿನ ಉಕ್ಕು ಹೆಚ್ಚೋ ನಮ್ಮ ದೇಶದ್ದು ಹೆಚ್ಚೋ, ಚೈನಿಗೆ ಪಂಚನಹಳ್ಳಿಯ ಕೊಬ್ಬರಿ ಎಣ್ಣೆ ಬಿಡಬಹುದೋ ಬಾರದೋ, ಎತ್ತರದವನಿಗೆ ಎಷ್ಟು ಇಂಚಿನ ಫ್ರೇಮು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಕಂಪನಿಗಳಿಗೆ ಕಾರ್ಡು ಬರೆದು ತರಿಸಿಕೊಂಡ ಪುಸ್ತಿಕೆಗಳನ್ನೆಲ್ಲ ಬಾಯಿಪಾಠ ಮಾಡಿದ್ದರು. ಸೀರೆ ಕೊಳ್ಳಲು ಬಂದ ಹೆಂಗಸರೂ ಗೇರಿನ ವಿಷಯ ಅರ್ಧ ಕೇಳಿಕೊಂಡೇ ಹೋಗಬೇಕಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಸುಖವಾಗಿ ಕಳೆದಿದ್ದವು. ಆಗ ಮೇಷ್ಟ್ರಿಗೆ ಒಂದು ಯೋಚನೆ ಹೊಳೆಯಿತು.

"ದಸರಾ ರಜಕ್ಕೆ ಕಲ್ಲತ್ತಿಗಿರಿಗೆ ಸೈಕಲ್ಲಲ್ಲಿ ಹೋಗಿಬರೋಣ. ತರೀಕೆರೆ, ಲಿಂಗದಹಳ್ಳಿ, ಆಮೇಲೆ ಬೆಟ್ಟ. ವೀರಭದ್ರಸ್ವಾಮಿ ದರ್ಶನವೂ ಆಯ್ತು, ಸೈಕಲ್ಲುಗಳ ಪರೀಕ್ಷೆಯೂ ಆಯ್ತು. ಸಾವ್ಕಾರ್ರೇ ನಮ್ಮ ಮುಖಂಡರು."

"ಬೆಟ್ಟ ಹತ್ತಾಕೇ ಅಲ್ವಾ ಆ ಮೂರು ಗೇರು ಇರೋದು!" ಎಂದ ಕರಿಸಿದ್ದಪ್ಪ.

ಮಲ್ಲಿಕಾರ್ಜುನಯ್ಯನವರಿಗೆ ಕೂತ ಜಗಲಿಯೇ ಅಲುಗಾಡಿದಂತಾಯಿತು. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಹೇಳಿದರು: "ನೀವು ತರೀಕೆರೆವರೆಗೂ ತುಳ್ಕೊಂಡು ಬನ್ನಿ. ನನ್ನದನ್ನ ರೈಲಲ್ಲಿ ತರ್ತೀನಿ. ಆ ಟೈರನ್ನ ಬೆಟ್ಟಕ್ಕೆ ಅಂತ ಉಳಿಸ್ಬೇಕು."

ತರೀಕೆರೆಯಲ್ಲಿ ಏನು ಹೇಳುವುದೆಂದು ಮಾತ್ರ ಅವರಿಗೇ ಗೊತ್ತಿರಲಿಲ್ಲ.

ಹೊರಡುವ ದಿನ ಹಂಬರಿಗೆ ಹುಲ್ಲು ಕಟ್ಟಿ, ಗೋಣಿ ಸುತ್ತಿ, ಸಾಮಾನು ಹಾಕುವ ಬ್ರೇಕ್‌ವ್ಯಾನಿನಲ್ಲಿ ನಿಲ್ಲಿಸಿ ತಾವು ಪಕ್ಕದ ಡಬ್ಬಿಯಲ್ಲಿ ಕೂತರು. ಬೀರೂರು ಜಂಕ್ಷನ್ನಿನಲ್ಲಿ ಇಳಿದು, ಸೈಕಲ್ಲನ್ನೂ ಇಳಿಸಿಕೊಂಡು ಶಿವಮೊಗ್ಗದ ರೈಲು ಹಿಡಿಯಬೇಕು. ಇಳಿದರು. ಅಷ್ಟರಲ್ಲಿ ಪ್ಲಾಟ್‌ಫಾರಂ ಮೇಲೆ ಕಾಯುತ್ತಿದ್ದ ತೆಂಗಿನಕಾಯಿ ವ್ಯಾಪಾರಿಯೊಬ್ಬ ಇವರ ಕೈಯಲ್ಲಿದ್ದ ಪಂಪು ನೋಡಿ, "ಯಾವ ಸೈಕಲ್ದು ಸ್ವಾಮಿ?" ಎಂದು ಕೇಳಿಬಿಟ್ಟ. ಕೇಳಬಾರದಿತ್ತು. ಮಲ್ಲಿಕಾರ್ಜುನಯ್ಯನವರು ಅವಳಿ ಕೊಳವೆಯಿಂದ ಶುರುಮಾಡಿ, ಬೆರಳುಗಳನ್ನೇ ಹಲ್ಲುಚಕ್ರ ಮಾಡಿ ತೋರಿಸುತ್ತ ಎರಡನೇ ಗೇರಿಗೆ ಬರುವ ಹೊತ್ತಿಗೆ ಸಿಳ್ಳೆ ಕೇಳಿತು. ರೈಲು ಕಡೂರಿನ ಕಡೆಗೆ ಹೊರಟಿತ್ತು. ಅದರ ಜೊತೆ ಸೈಕಲ್ಲೂ ಹೊರಟಿತ್ತು.

"ನನ್ನ ಹಂಬರ್ರೂ!" ಎಂದು ಪಂಪು ಬೀಸುತ್ತ ಪ್ಲಾಟ್‌ಫಾರಂ ಮುಗಿಯುವವರೆಗೂ ಓಡಿದರು. ಸ್ಟೇಷನ್ ಮಾಸ್ತರರು ಸಮಾಧಾನ ಹೇಳಿ, ಕಡೂರಿಗೆ ಸುದ್ದಿ ಕಳಿಸಿ ಅಲ್ಲೇ ಇಳಿಸಿ ಇಡುವಂತೆ ಏರ್ಪಾಡು ಮಾಡಿದರು.

ಶಿವಮೊಗ್ಗದ ರೈಲಿನಲ್ಲಿ ಮಲ್ಲಿಕಾರ್ಜುನಯ್ಯನವರು ಸತ್ತ ಮನೆಯಿಂದ ಬಂದವರಂತೆ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಥಟ್ಟನೆ ನೆಟ್ಟಗಾದರು. ಸೈಕಲ್ಲೇ ಇಲ್ಲದ ಮೇಲೆ ಓಡಿಸುವ ಮಾತೆಲ್ಲಿ ಬಂತು! ಮುಂದಿನ ನಿಲ್ದಾಣದಲ್ಲಿ ಕಡಲೆಕಾಯಿ ಕೊಂಡು, ಸಿಪ್ಪೆಯನ್ನು ಕಿಟಕಿಯಿಂದಾಚೆ ಹಾರಿಸುತ್ತ, ತರೀಕೆರೆ ಬರುವವರೆಗೂ ವಚನ ಗುನುಗಿದರು.

ಸ್ಟೇಷನ್ನಿನ ಮುಂದೆ ಮೇಷ್ಟ್ರು ಮತ್ತು ಕರಿಸಿದ್ದಪ್ಪ ಬೆವರು ಒರೆಸಿಕೊಳ್ಳುತ್ತ ಕಾದಿದ್ದರು. ಇವರು ಮುಖ ಸಣ್ಣದು ಮಾಡಿಕೊಂಡು ನಡೆದದ್ದನ್ನು ಹೇಳಿದರು. "ನೀವಿಬ್ರೂ ಹೋಗ್ಬನ್ನಿ. ನನ್ನ ಹಣೇಲಿ ಬರ್ದಿಲ್ಲ. ನಾನು ಇಲ್ಲೇ ಹೋಟ್ಲಲ್ಲಿ ಕಾಯ್ತೀನಿ."

"ನೀವಿಲ್ದೆ ಹೋಗಾಕಾಯ್ತದಾ?" ಎಂದ ಕರಿಸಿದ್ದಪ್ಪ ಅಲ್ಲಿಂದ ಮಾಯವಾದ. ಮರಳಿ ಬಂದಾಗ ಅವನ ಕೈಯಲ್ಲಿ ಒಂದು ಬಾಡಿಗೆ ಸೈಕಲ್ ಇತ್ತು. "ಹತ್ತಿ ಸಾವ್ಕಾರ್ರೆ. ಹಂಬರ್ ಅಲ್ಲ, ಆದ್ರೂ ಎರಡು ಚಕ್ರ ಐತೆ."

ಮಲ್ಲಿಕಾರ್ಜುನಯ್ಯನವರು ಒಂದು ಸಲ ಸೈಕಲ್ಲನ್ನೂ ಇನ್ನೊಂದು ಸಲ ಸ್ನೇಹಿತರನ್ನೂ ನೋಡಿದರು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. "ನೋಡ್ರಪ್ಪಾ, ನಿಜ ಹೇಳ್ಬಿಡ್ತೀನಿ. ನನಗೆ ಸೈಕಲ್ ಬರಲ್ಲ."

ಇಬ್ಬರೂ ಹೋ ಎಂದು ನಕ್ಕರು. ಮೇಷ್ಟ್ರು ಅವರ ಬೆನ್ನು ತಟ್ಟಿದರು. "ಹಂಬರ್ ಇರೋರ ಕಾಲಿಗೆ ಬಾಡಿಗೆ ಗಾಡಿ ಹಿಡಿಸೋದಿಲ್ಲ ಅಂತ ನೇರವಾಗೇ ಹೇಳಿ!"

"ಆಣೆಗೂ ಬರಲ್ಲ ಕಣ್ರೀ!"

"ಏನು ಬಿಂಕ ನೋಡು ಸಾವ್ಕಾರ್ರದ್ದು," ಎನ್ನುತ್ತ ಕರಿಸಿದ್ದಪ್ಪ ಅವರನ್ನು ಎತ್ತಿ ಸೀಟಿನ ಮೇಲೆ ಕೂರಿಸಿಯೇ ಬಿಟ್ಟ. ಇಬ್ಬರೂ ಸೇರಿ ಒಂದು ನೂಕು ಕೊಟ್ಟರು.

ರಸ್ತೆ ಇಳಿಜಾರಾಗಿತ್ತು. ಸೈಕಲ್ ನೆಟ್ಟಗೆ ಹೋಯಿತು. "ಆಹಾ, ಏನು ಠೀವಿ!" ಎಂದು ಮೇಷ್ಟ್ರು ಹೊಗಳುತ್ತಿದ್ದಂತೆ ಮಲ್ಲಿಕಾರ್ಜುನಯ್ಯನವರು ಎದುರಿಗೆ ಬಂದ ಹೋಟೆಲಿನ ಚಪ್ಪರದ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಸೈಕಲ್ ತನ್ನ ಪಾಡಿಗೆ ತಾನು ಮುಂದೆ ಹೋಗಿ ಚರಂಡಿಗೆ ಇಳಿಯಿತು. ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ನಿಂತರು.

"ನಾನು ಹೇಳ್ಲಿಲ್ವೇನ್ರಯ್ಯಾ?" ಎಂದರು ಅವರು, ಕಂಬ ಬಿಡದೆ.

ಕರಿಸಿದ್ದಪ್ಪ ನಕ್ಕು ನಕ್ಕು ನೆಲದ ಮೇಲೆ ಕೂತ. ಮೇಷ್ಟ್ರಿಗೆ ನಗು ಬರಲಿಲ್ಲ. "ನಾಲ್ಕು ವರ್ಷ ನಿಮ್ಮ ಮಾತು ಕೇಳಿ ಎಣ್ಣೆ ಬದಲಾಯಿಸ್ದೆ, ಸೀಟು ಏರಿಸ್ದೆ, ಇಳಿಸ್ದೆ. ಸೈಕಲ್ಲೇ ಹತ್ತದೋರ ಮಾತು!"

"ಎಣ್ಣೆ ಬದಲಾಯ್ಸಿದ್ಮೇಲೆ ಕಿರುಗುಟ್ಟೋದು ನಿಲ್ತೋ ಇಲ್ವೋ?" ಎಂದು ಮಲ್ಲಿಕಾರ್ಜುನಯ್ಯನವರು ಮೆಲ್ಲಗೆ ಕೇಳಿದರು.

"ನಿಲ್ತು," ಎಂದು ಮೇಷ್ಟ್ರು ಒಪ್ಪಿದರು.

"ಅಡುಗೆ ಬರದೋರು ಉಪ್ಪು ಜಾಸ್ತಿ ಆಗೈತೆ ಅನ್ಬಾರ್ದಾ ಮೇಷ್ಟ್ರೇ?" ಎಂದ ಕರಿಸಿದ್ದಪ್ಪ, ಕಣ್ಣೊರೆಸಿಕೊಳ್ಳುತ್ತ. ಆಗ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಬಾಡಿಗೆ ಸೈಕಲ್ಲನ್ನು ತೊಳೆದು ಹಿಂತಿರುಗಿಸಿದರು. ಮುಖಂಡರು ಕರಿಸಿದ್ದಪ್ಪನ ಈರುಳ್ಳಿ ಕ್ಯಾರಿಯರ್ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡು ಕೂತರು. ಕೂತಲ್ಲಿಂದಲೇ ಆಜ್ಞೆಗಳು ಶುರುವಾದವು: "ಕಲ್ಲು! ಎಡಕ್ಕೆ! ಈಗ ಬ್ರೇಕ್! ಮೇಷ್ಟ್ರೇ, ನಿಮ್ಮ ಹಿಂದಿನ ರಿಮ್ಮು ವಾಲಾಡ್ತಾ ಐತೆ!"

ಲಿಂಗದಹಳ್ಳಿ ದಾಟಿ ಬೆಟ್ಟದ ಏರು ಶುರುವಾದಾಗ ಆಟ ಬದಲಾಯಿತು. ಎಷ್ಟು ತುಳಿದರೂ ಸೈಕಲ್ ಮುಂದಕ್ಕೆ ಹೋಗದೆ ಇಬ್ಬರೂ ಇಳಿದರು. ಇಳಿದ ಮೇಲೆ ತಳ್ಳಬೇಕು. ಮೇಷ್ಟ್ರು ತಳ್ಳಿದರೆ ಪೆಡಲು ಮೊಳಕಾಲಿಗೆ ಬಡಿಯಿತು. ಕರಿಸಿದ್ದಪ್ಪನ ಉಸಿರು ತಿದಿಯಂತೆ ಏರಿಳಿಯಿತು. ಮಲ್ಲಿಕಾರ್ಜುನಯ್ಯನವರು ಅವನ ಕೈಯಿಂದ ಸೈಕಲ್ ತೆಗೆದುಕೊಂಡು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಸೀಟಿಗೆ ಕೊಟ್ಟು, ಓಣಿಯಲ್ಲಿ ಅಡ್ಡಾಡುವವರ ಹಾಗೆ ಹತ್ತತೊಡಗಿದರು.

"ಕೈಗೆ ಭಾರ ಕೊಡ್ಬಾರ್ದು, ಸೊಂಟ ಒಂಚೂರು ಈಚೆಗೆ ವಾಲಿಸ್ಬೇಕು," ಎಂದು ತಿರುವಿನಲ್ಲಿ ನಿಂತು ತಿಳಿಸಿಕೊಟ್ಟರು. "ತಳ್ಳೋದಕ್ಕೂ ಒಂದು ಕ್ರಮ ಐತೆ ಕಣ್ರಪ್ಪಾ."

ಆ ದಿನ ಕಲ್ಲತ್ತಿಗಿರಿಯ ದೇವಸ್ಥಾನದ ಮುಂದೆ ಮೊದಲು ಕಾಣಿಸಿಕೊಂಡವರು ಅವರೇ. ಉಳಿದಿಬ್ಬರು ಬರುವಷ್ಟರಲ್ಲಿ ಧುಮುಕುವ ನೀರಿಗೆ ತಲೆಯೊಡ್ಡಿ, ವಿಭೂತಿ ಹಚ್ಚಿಕೊಂಡು, ಅರ್ಚಕರಿಗೆ ಮೂರನೇ ಗೇರಿನವರೆಗೂ ವಿವರಿಸಿ ಆಗಿತ್ತು. ಇಳಿಯುವಾಗ ಮಾತ್ರ ಕ್ಯಾರಿಯರ್ ಮೇಲೆ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸಿದರು. ಅರ್ಧ ದಾರಿಯಲ್ಲಿ ಒಂದು ಕಣ್ಣು ತೆರೆದರು. ಗಾಳಿ ಕಿವಿಯಲ್ಲಿ ಸುಯ್ಯೆನ್ನುತ್ತಿತ್ತು, ಮರಗಳು ಹಿಂದಕ್ಕೆ ಓಡುತ್ತಿದ್ದವು. ಇನ್ನೊಂದು ಕಣ್ಣನ್ನೂ ತೆರೆದರು.

ಕಡೂರಿಗೆ ಹೋಗಿ ಹಂಬರನ್ನು ಬಿಡಿಸಿಕೊಂಡು ಬಂದ ದಿನ ಅವರು ಹೆಂಡತಿಯ ಮುಂದೆ ಗಂಭೀರವಾಗಿ ನಿಂತರು. "ಕಲ್ಲಮ್ಮ, ನಾನು ಸೈಕಲ್ ಕಲಿತೀನಿ. ಮೇಷ್ಟ್ರು ಹೇಳಿಕೊಡ್ತೀನಿ ಅಂದವ್ರೆ."

"ಮೇಷ್ಟ್ರು ಯಾಕೆ? ನಾನೇ ಹೇಳ್ಕೊಡ್ತೀನಿ," ಎಂದಳು ಕಲ್ಲಮ್ಮ, ರೊಟ್ಟಿ ತಿರುವಿಹಾಕುತ್ತ.

"ನಿನಗೆ ಬರುತ್ತಾ?"

"ಪಂಚನಹಳ್ಳೀಲಿ ನಮ್ಮಣ್ಣ ಮಲಗಿದಾಗ ಅವನ ಸೈಕಲ್ ಕದ್ದು ತೋಟದಾಗೆ ಓಡಿಸ್ತಿದ್ದೆ. ಬಾರಿನ ಒಳಗಿಂದ ಕಾಲು ತೂರಿಸಿ, ಒಳಪೆಡ್ಲು."

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ!"

"ಗೇರು, ಹಬ್ಬು ಅಂತ ನೀವು ಉಸಿರು ಬಿಡಾಕಾದ್ರೂ ನಿಲ್ಲಿಸಿದ್ರೆ ತಾನೆ ನಾನು ಹೇಳೋದು?"

ಮನೆಯ ಹಿಂದಿನ ಕಣದಲ್ಲಿ, ಕೋಳಿ ಕೂಗುವ ಹೊತ್ತಿಗೆ ಪಾಠ ನಡೆಯಿತು. ಕಲ್ಲಮ್ಮ ಸೆರಗು ಸಿಕ್ಕಿಸಿ ಕ್ಯಾರಿಯರ್ ಹಿಡಿದು ಹಿಂದೆ ಓಡುವಳು. "ಚಕ್ರ ನೋಡ್ಬೇಡ್ರೀ, ಎದುರಿಗೆ ನೋಡಿ!" ಹುಲ್ಲಿನ ಬಣವೆಗೆ ಅವರು ಎಷ್ಟೋ ಸಲ ಹೊಕ್ಕು ಬಂದರು. ಒಂದು ಬೆಳಿಗ್ಗೆ, ಹಿಂದೆ ಕೈ ಬಿಟ್ಟಿದ್ದಾಳೆಂದು ತಿಳಿಯದೆಯೇ, ಗೇರಿನ ವಿಷಯ ಮಾತಾಡುತ್ತ ಕಣವನ್ನು ಪೂರಾ ಒಂದು ಸುತ್ತು ಹಾಕಿದರು. ಎದುರಿಗೆ ಕಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ಕಂಡಾಗ ಮತ್ತೆ ಬಣವೆ ಸೇರಿದರು. ಆದರೆ ನಗುತ್ತ ಸೇರಿದರು.

ಹೀಗೆ ನಲವತ್ತು ದಾಟಿದ ಮೇಲೆ ಮಲ್ಲಿಕಾರ್ಜುನಯ್ಯನವರು ಸೈಕಲ್ ಸವಾರರಾದರು. ಮೊದಲ ವಾರ ಸ್ಟೇಷನ್ ರಸ್ತೆಯಲ್ಲಿ ಬೆಲ್ಲು ಬಾರಿಸುತ್ತ ಹೋದದ್ದೇ ಹೋದದ್ದು. ಆಮೇಲೆ ಒಂದು ತೊಡಕು ಕಾಣಿಸಿತು. ಯಾರಾದರೂ, "ಸಾವ್ಕಾರ್ರೆ, ನನ್ನ ಫೋರ್ಕು ಯಾಕೋ ಕಟಕಟ ಅಂತೈತೆ," ಎಂದು ಕೂಗುವರು. ಇವರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಹಿಂದೆ ಉಳಿದಿರುತ್ತಿದ್ದರು. ಇಳಿಯೋಣವೆಂದರೆ, ಇಳಿಯುವ ವಿದ್ಯೆ ಇನ್ನೂ ಪೂರ್ತಿ ಕೈಗೆ ಹತ್ತಿರಲಿಲ್ಲ. ಕಂಬವೋ ಗೋಡೆಯೋ ಬೇಕಾಗುತ್ತಿತ್ತು. ಒಂದು ದಿನ ಮುಂದಿನ ಚಕ್ರ ವಾಲಾಡುವ ಹೊಸ ರ‍್ಯಾಲಿ ಸೈಕಲ್ಲೊಂದು ಎದುರಿಗೆ ಬಂದು, ಒಂದು ಮಾತೂ ಆಡಲಾಗದೆ ಹಾದುಹೋಯಿತು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಅಂದಿನಿಂದ ಊರ ಹೊರಗೆ ಸವಾರಿ, ಊರೊಳಗೆ ತಳ್ಳುವುದು ಎಂದು ನಿಯಮ ಮಾಡಿಕೊಂಡರು. ಭಾನುವಾರಗಳಂದು ಕಲ್ಲಮ್ಮನನ್ನು ಹಿಂದೆ ಕೂರಿಸಿಕೊಂಡು ಅಂತರಘಟ್ಟೆಯ ದಾರಿಯಲ್ಲಿ ಹೋಗುವುದನ್ನು ಹೊಲದವರೆಲ್ಲ ನೋಡುತ್ತಿದ್ದರು. ಗೇರು ಯಾವಾಗ ಬದಲಿಸಬೇಕೆಂದು ಈಗ ಹಿಂದಿನಿಂದ ಅವಳು ಹೇಳುತ್ತಿದ್ದಳು. ಪೇಟೆಯಲ್ಲಿ ಪರವೂರಿನವರು ಯಾರಾದರೂ, "ಯಾಕೆ ಯಜಮಾನ್ರೆ, ಪಂಚರ್ರಾ?" ಎಂದರೆ, ಮಲ್ಲಿಕಾರ್ಜುನಯ್ಯನವರು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಕೇಳಿದವರ ತೋಳು ಹಿಡಿದು ನೆರಳಿಗೆ ಕರೆತಂದು, "ಇಲ್ಲಪ್ಪಾ, ಬಾ ಹೇಳ್ತೀನಿ," ಎಂದು ಅವಳಿ ಕೊಳವೆಯಿಂದಲೇ ಶುರುಮಾಡುತ್ತಿದ್ದರು.