ರೊಟ್ಟಿಯ ಮಾತು, ಉಣ್ಣುವವನ ಮಾತು

ನಮ್ಮ ಕಡೆ ಪಂಕ್ತಿಯಲ್ಲಿ ಕೂತರೆ ಎಲೆಗೆ ಉಪ್ಪು ಬೀಳುವ ಮೊದಲೇ ಮೈಮೇಲೆ ಮಾತು ಬೀಳುತ್ತದೆ. ಮೊನ್ನೆ ಕೊಪ್ಪಳದಲ್ಲಿ ಒಂದು ಮದುವೆ. ನಾನಿನ್ನೂ ಕಾಲು ಮಡಚಿ ಸರಿಯಾಗಿ ಕೂತಿರಲಿಲ್ಲ, ಬೀಗರ ಪೈಕಿ ಹಿರಿಯರೊಬ್ಬರು ಎದುರಿನಿಂದಲೇ, "ಏನ್ರೀ, ಭಾಳ ಸೊರಗೀರಲ್ಲ, ಮನ್ಯಾಗ ಉಣ್ಣಾಕ ಹಾಕವಲ್ಲರೇನು?" ಎಂದರು. ನಾನು ಹುಟ್ಟಿದಾಗಿನಿಂದ ಕಡ್ಡಿಯಂಥ ಆಸಾಮಿ. ಸೊರಗಲು ನನ್ನಲ್ಲಿ ಜಾಗವೇ ಇಲ್ಲ. ಆದರೆ ನನ್ನ ಹಸಿವು ಮಾತ್ರ ಮಹಾ ನಾಚಿಕೆಯದು. ಯಾರಾದರೂ ದಿಟ್ಟಿಸಿ ನೋಡಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾದಾಗಲೆಲ್ಲ ನನಗೆ ಹುಸೇನಸಾಬ ಮಾಸ್ತರು ನೆನಪಾಗುತ್ತಾರೆ.

ಯಲಬುರ್ಗಿ ಕಡೆಯ ನಮ್ಮ ಸಾಲೆಯಲ್ಲಿ ಪಾಠವೆಲ್ಲ ಆಗಿನ ಸರಕಾರದ ಭಾಷೆಯಾದ ಉರ್ದುವಿನಲ್ಲಿ, ಹೊಡೆತ ಮಾತ್ರ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ. ಹುಸೇನಸಾಬರು ಡ್ರಿಲ್ ಮಾಸ್ತರು. ನಮ್ಮ ಹುತುತು ತಂಡ ಕಟ್ಟಿದವರೂ ಅವರೇ. ಆಟ ನಿಮಗೆ ಗೊತ್ತೇ ಇದೆ: ಒಂದೇ ಉಸಿರಿನಲ್ಲಿ 'ಹುತುತು' ಎನ್ನುತ್ತ ಎದುರಿನವರ ಅಂಕಣಕ್ಕೆ ನುಗ್ಗಬೇಕು, ಮುಟ್ಟಬೇಕು, ಉಸಿರು ಕಡಿಯುವ ಮೊದಲು ಗೆರೆಗೆ ಮರಳಬೇಕು. ನಡುವೆ ಬೇರೆ ಮಾತು ಬಾಯಿಂದ ಹೊರಟರೆ ಸತ್ತಂತೆಯೇ. ನಾನು ಮುಟ್ಟಿದರೆ ಎದುರಾಳಿಗೆ ನೊಣ ಕೂತ ಹಾಗಾಗುತ್ತಿತ್ತು. ನಮ್ಮ ತಂಡದ ಬಲವೆಲ್ಲ ಭರಮಪ್ಪನದು. ಭಾರೀ ಮೈಯ ಹುಡುಗ. ನಾಲ್ವರು ತೆಕ್ಕೆ ಬಿದ್ದು ಹಿಡಿದರೂ ಅವರನ್ನೂ ಎಳೆದುಕೊಂಡೇ ಗೆರೆಗೆ ಬರುತ್ತಿದ್ದ. ಅದನ್ನು ನೋಡುವಾಗ ನಾನು ಬಾಯಿ ಮುಚ್ಚುವುದನ್ನು ಮರೆಯುತ್ತಿದ್ದೆ.

ಒಂದು ದಿನ ಹೀಗೆ ಗೆದ್ದು ಬಂದವನ ಬೆನ್ನು ತಟ್ಟಿ ಮಾಸ್ತರು ಸಂತೋಷದಲ್ಲಿ, "ಬಾರೋ ನನ್ನ ಹಗೇವು!" ಎಂದರು. ಹಗೇವು ಎಂದರೆ ನಮ್ಮ ಎರೆಭೂಮಿಯಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಮೇಲೆ ನೋಡಿದರೆ ಬರೀ ಮಣ್ಣು, ಒಳಗೆ ವರ್ಷದ ಅನ್ನ. ಅದನ್ನು ತೆಗೆದ ಕೂಡಲೇ ಯಾರೂ ಒಳಗೆ ಧುಮುಕುವುದಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದೀತೆಂದು ಮೊದಲು ದೀಪ ಇಳಿಸಿ ನೋಡುತ್ತಾರೆ. ಮಾಸ್ತರು ಹೊಗಳಿಕೆಯೆಂದೇ ಆಡಿದ ಮಾತು. ನಾವು ಹುಡುಗರು ದೀಪಗೀಪ ಯಾಕೆ ಇಳಿಸುತ್ತೇವೆ? ಬೇವಿನ ಗಿಡದ ಬುಡಕ್ಕೆ ಕೂತು ಅವನು ಬುತ್ತಿ ಬಿಚ್ಚಿದರೆ ಸಾಕು, "ಹಗೇವಿನ ಬಾಯಿ ತಗದೈತ್ರಲೇ!" ಎಂದು ಕೇಕೆ ಹಾಕುತ್ತಿದ್ದೆವು. ಅವನೂ ನಗುತ್ತಿದ್ದನಾದ್ದರಿಂದ ಎಲ್ಲ ಸರಿಯಾಗಿದೆ ಎಂದುಕೊಂಡೆವು.

ಗಂಗಾವತಿಯವರೊಡನೆ ಪಂದ್ಯ ಹತ್ತಿರ ಬಂದಾಗ ಭರಮಪ್ಪನ ಉಸಿರು ಕಡಿಯತೊಡಗಿತು. ಅಂಕಣದ ನಡುವೆಯೇ 'ಹುತು' ಎಂದವನು ಮುಂದಿನ 'ತು' ಸಿಗದೆ ಕುಸಿದು ಕೂತ. ಜ್ವರವಿರಲಿಲ್ಲ, ಕಾಲು ಉಳುಕಿರಲಿಲ್ಲ. ಮಧ್ಯಾಹ್ನ ಮಾಸ್ತರು ಬಾವಿಯ ಕಡೆ ಹೋದಾಗ ಕಾರಣ ಕಣ್ಣಿಗೇ ಬಿತ್ತು. ಭರಮಪ್ಪ ತನ್ನ ಬುತ್ತಿಯ ರೊಟ್ಟಿಯನ್ನು ಮುರಿಮುರಿದು ಯಾರದೋ ಎತ್ತಿಗೆ ತಿನ್ನಿಸುತ್ತಿದ್ದ. ಕೇಳಿದರೆ ಅಳುತ್ತ, "ನನಗ ಹಗೇವು ಅನ್ನಿಸಿಕೊಳ್ಳೋದು ಸಾಕಾಗೈತ್ರಿ ಮಾಸ್ತರ್ರ. ನಾ ಆಟಾನ ಬಿಡ್ತೀನ್ರಿ" ಎಂದ.

ಮಾಸ್ತರು ಅವನನ್ನು ಬೇವಿನ ಗಿಡದ ಬುಡಕ್ಕೆ ಕರೆತಂದು ನಮ್ಮನ್ನೆಲ್ಲ ಕೂಗಿದರು. ಬೆತ್ತದ ಪೂಜೆ ಖಾತ್ರಿ ಎಂದು ನಾವು ಅಂಗೈ ಒರೆಸಿಕೊಂಡು ಸಾಲಾಗಿ ನಿಂತೆವು. ಮಾಸ್ತರ ಕೈಯಲ್ಲಿ ಬೆತ್ತವಿರಲಿಲ್ಲ, ತಮ್ಮ ಬುತ್ತಿಯ ಗಂಟಿತ್ತು. ಧೂಳಿನಲ್ಲಿ ನಮ್ಮೆದುರೇ ಚಕ್ಕಳ ಮಕ್ಕಳ ಹಾಕಿ ಕೂತರು. "ಆ ಹೆಸರು ಮೊದ್ಲ ಇಟ್ಟಾಂವ ನಾನು. ತಪ್ಪು ನಂದು. ಭರಮಪ್ಪ, ಮಾಫ್ ಮಾಡಪಾ" ಎಂದರು. ಮಾಸ್ತರೊಬ್ಬರು ಹುಡುಗನಿಗೆ ಹಾಗೆನ್ನುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆ ಕ್ಷಣ ಅವರು ನನಗೆ ಬೇವಿನ ಗಿಡಕ್ಕಿಂತ ಎತ್ತರವಾಗಿ ಕಂಡರು, ಕೂತಿದ್ದರೂ. ಆಮೇಲೆ ನಮ್ಮ ಕಡೆ ತಿರುಗಿ, "ಕೇಳ್ರಲೇ. ಇನ್ನ ಮ್ಯಾಲೆ ಈ ಗಿಡದ ಬುಡಕ ರೊಟ್ಟಿ ಬಗ್ಗೆ ಎಷ್ಟರ ಮಾತಾಡ್ರಿ, ಉಣ್ಣಾವನ ಬಗ್ಗೆ ಬ್ಯಾಡ" ಎಂದರು.

ಎಲ್ಲರೂ ಬುತ್ತಿ ಬಿಚ್ಚಿದೆವು. ರೊಟ್ಟಿಯ ಬಗ್ಗೆ ಏನು ಆಡಬೇಕೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದುವರೆಗೆ ನಾವು ಉಣ್ಣುವವರ ಬಗ್ಗೆ ಬಿಟ್ಟು ಬೇರೇನೂ ಆಡಿಯೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಮಾಸ್ತರೇ ಶೇಂಗಾ ಚಟ್ನಿ ಹಚ್ಚಿದ ಒಂದು ತುತ್ತು ಬಾಯಿಗಿಟ್ಟು, "ನಮ್ಮ ಹಿಂಡಿಗೆ ಇವತ್ತ ಬಳ್ಳೊಳ್ಳಿ ಜಾಸ್ತಿ ಆಗೇತಿ" ಎಂದರು. ಭರಮಪ್ಪ ತಗ್ಗಿಸಿದ ತಲೆ ಎತ್ತದೆಯೇ, "ನಮ್ಮವ್ವ ಒಂದೀಟು ಹುಣಸಿಹಣ್ಣು ಹಾಕ್ತಾಳ್ರಿ" ಎಂದ. ಎತ್ತಿನ ಬಾಯಿಂದ ಉಳಿದಿದ್ದ ಒಂದು ರೊಟ್ಟಿಗೆ ಹಿಂಡಿ ಸವರಿಕೊಂಡು ತಿಂದ. ಅಂದು ಅವನನ್ನು ಯಾರೂ ನೋಡಲಿಲ್ಲ. ನಾನು ಮಾತ್ರ ಓರೆಗಣ್ಣಿನಲ್ಲಿ ನೋಡಿದೆ.

ಪಂದ್ಯ ನಡೆದದ್ದು ಗಂಗಾವತಿಯಲ್ಲೇ. ಅದು ಆಗಲೂ ಭತ್ತದ ಗದ್ದೆಗಳ, ಅನ್ನದ ಊರು. ಭರಮಪ್ಪ ಗೆರೆ ದಾಟಿ ಹೊರಟೊಡನೆ ಜನರೊಳಗಿಂದ ಒಬ್ಬ, "ಎಷ್ಟು ರೊಟ್ಟಿ ಮುಕ್ಕಿ ಬಂದೀಯೋ ಡುಮ್ಮ?" ಎಂದು ಕೂಗಿದ. ಎಲ್ಲರೂ ಗೊಳ್ಳೆಂದರು. ಭರಮಪ್ಪನ 'ಹುತುತು' ಒಮ್ಮೆ ನಡುಗಿತು. ಹುಡುಗ ಮತ್ತೆ ಬಾವಿಯ ಎತ್ತಿನ ಹತ್ತಿರ ಹೋಗುತ್ತಾನೆಂದೇ ನನಗೆ ಅನ್ನಿಸಿತು. ಆದರೆ ಉಸಿರು ಕಡಿಯಲಿಲ್ಲ. ಒಬ್ಬನನ್ನು ಮುಟ್ಟಿ, ಕಾಲಿಗೆ ಜೋತುಬಿದ್ದ ಇನ್ನಿಬ್ಬರನ್ನು ಎಳೆದು ತಂದು, ಗೆರೆಯ ಮೇಲೆ ಕೈಯೂರಿ, ಎದ್ದು, ಕೂಗಿದವನ ಕಡೆ ತಿರುಗಿದ. "ಜ್ವಾಳದ ರೊಟ್ಟಿ ರೀ! ತಂಗಳಾಗಿದ್ವು, ಖರೆ ಶೇಂಗಾ ಹಿಂಡಿ ಕೂಡ ಭಾಳ ಛಲೋ ಇದ್ವು!"

ಎಷ್ಟು ಎಂದು ಕೇಳಿದ್ದಕ್ಕೆ ಹೇಗಿತ್ತು ಎಂದು ಹೇಳಿದ್ದ. ಕೂಗಿದ ಮನುಷ್ಯನ ನಗು ಹಾಗೇ ನಿಂತು, ಬಾಯಲ್ಲಿ ನೀರೂರಿದ್ದು ದೂರಕ್ಕೂ ಕಂಡಿತು. ಪಂದ್ಯವನ್ನೇನೋ ನಾವು ಸೋತೆವು, ಬಹುಪಾಲು ನನ್ನಂಥ ನೊಣಗಳ ದೆಸೆಯಿಂದ. ಮರಳುವಾಗ ಮಾಸ್ತರು ಆ ಸೋಲಿನ ಮಾತೆತ್ತಲೇ ಇಲ್ಲ. "ಗಂಗಾವತಿ ಅನ್ನ ಹ್ಯಾಂಗಿತ್ರೋ?" ಎಂದಷ್ಟೇ ಕೇಳಿದರು. ಭರಮಪ್ಪ ಎಲ್ಲರಿಗಿಂತ ಮೊದಲು ಬಾಯಿ ತೆಗೆದು, ಊರು ಬರುವವರೆಗೂ ಮುಚ್ಚಲಿಲ್ಲ.

ಮೊನ್ನೆಯ ಮದುವೆಯಲ್ಲಿ ಆ ಹಿರಿಯರು ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಅಷ್ಟರಲ್ಲಿ ಎಲೆಗೆ ಬದನೆಕಾಯಿಯ ಎಣ್ಣೆಗಾಯಿ ಬಿದ್ದಿತ್ತು, ಅದರ ಮಸಾಲೆಯನ್ನು ನಾಲಿಗೆಗೆ ಮುಟ್ಟಿಸಿಕೊಂಡೆ. "ಎಣ್ಣೆಗಾಯಿ ಭಾಳ ಛಲೋ ಆಗೇತ್ರಿ" ಎಂದೆ. ಅವರು ನನ್ನನ್ನು ಬಿಟ್ಟು ತಮ್ಮ ಎಲೆಯ ಕಡೆ ನೋಡಿದರು, ಒಂದು ಬದನೆಕಾಯಿ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು. ಆ ಸಂದಿನಲ್ಲಿ ನನ್ನ ಹಸಿವು ಮೆಲ್ಲಗೆ ಬಾಗಿಲು ತೆರೆದು ಹೊರಗೆ ಬಂತು.